ಮೊದಲು ಬಹುವಚನ: ಬೌದ್ಧಿಕ ಅಂಗವೈಕಲ್ಯ ಇರುವ ದೊಡ್ಡವರಿಗಾಗಿ ಸಭೆಯಲ್ಲಿ ಒಂದು ಕೂಟ ಶುರು ಮಾಡುವುದು ಹೇಗೆ

ನಿಮ್ಮ ಚರ್ಚಿನ ಸಭೆಯಲ್ಲೂ ಒಬ್ಬರು ಇರುತ್ತಾರೆ. ಕೊನೆಯ ಬೆಂಚಿನಲ್ಲಿ, ವಯಸ್ಸಾದ ತಾಯಿಯ ಪಕ್ಕ ಕೂತಿರುವ ನಲವತ್ತು ವರ್ಷದ ಮಗ. ಹಾಡು ಬಂದರೆ ಎಲ್ಲರಿಗಿಂತ ಜೋರಾಗಿ ದನಿ ಸೇರಿಸುತ್ತಾರೆ, ಪ್ರಸಂಗದ ಮಧ್ಯೆ ಎದ್ದು ಹೊರಗೆ ಹೋಗುತ್ತಾರೆ, ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು ಸಿಕ್ಕವರ ಕೈ ಕುಲುಕುತ್ತಾರೆ. ಅವರು ಎಲ್ಲರಿಗೂ ಗೊತ್ತು. ಆದರೆ "ಚೆನ್ನಾಗಿದ್ದೀಯೇನೋ ಮರಿ" ಅಂತ ಬೆನ್ನು ತಟ್ಟಿ ಮುಂದೆ ಹೋಗುವುದು ಬಿಟ್ಟರೆ, ಪಕ್ಕದಲ್ಲಿ ಕೂತು ಹತ್ತು ನಿಮಿಷ ಮಾತಾಡಿದವರು ಎಷ್ಟು ಜನ?

ಇಂಥವರ ಜೊತೆ ನಮ್ಮ ಸಭೆಯಲ್ಲಿ ತಿಂಗಳಿಗೆ ಎರಡು ಶನಿವಾರ ಒಂದು ಕೂಟ ನಡೆಸುತ್ತೇವೆ. ಎಂಟು ವರ್ಷ ಆಯಿತು. ಬೇರೆ ಸಭೆಯವರು "ನಾವೂ ಶುರು ಮಾಡಬೇಕು, ಹೇಗೆ?" ಅಂತ ಕೇಳುತ್ತಾರೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತಿದ್ದದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಬಿಡೋಣ. ಬ್ರಿಟನ್‌ನಿಂದ ಬರುವ ಪುಸ್ತಕಗಳಲ್ಲಿ 'ಲರ್ನಿಂಗ್ ಡಿಸಬಿಲಿಟಿ' ಅಂತ ಇದ್ದರೆ, ಅದು ನಮ್ಮಲ್ಲಿ ಬೌದ್ಧಿಕ ಅಂಗವೈಕಲ್ಯ ಅಂತ ಕರೆಯುವುದನ್ನೇ. ನಮ್ಮ ದೇಶದಲ್ಲಿ ಅದೇ ಮಾತು ಕೇಳಿದರೆ ಜನ ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ತೊಂದರೆ, ಅಂದುಕೊಳ್ಳುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲೂ ಇವೆರಡೂ ಬೇರೆ ಬೇರೆ. ನಾನು ಮಾತಾಡುತ್ತಿರುವುದು ಬೌದ್ಧಿಕ ಅಂಗವೈಕಲ್ಯ ಇರುವವರ ಬಗ್ಗೆ. ಡೌನ್ ಸಿಂಡ್ರೋಮ್ ಇರುವವರು, ಆಟಿಸಂ ಜೊತೆಗೆ ಬೌದ್ಧಿಕ ತೊಂದರೆಯೂ ಇರುವವರು, ಹುಟ್ಟುವಾಗ ಉಸಿರು ಸಿಗದೆ ಮಿದುಳಿಗೆ ಪೆಟ್ಟಾದವರು, ಕಾರಣವೇ ಗೊತ್ತಿಲ್ಲದವರು, ಎಲ್ಲ ಇದ್ದಾರೆ. ಹಳೇ ಕಾಗದಗಳಲ್ಲಿ 'ಬುದ್ಧಿಮಾಂದ್ಯ' ಅಂತ ಇರುತ್ತದೆ. ನೀವು ಆ ಮಾತು ಬಳಸಬೇಡಿ.

ನೀವು, ಬನ್ನಿ, ಕೂತ್ಕೊಳ್ಳಿ

ಹಾಡು, ಚಿತ್ರ, ಕಥೆ, ಎಲ್ಲದಕ್ಕಿಂತ ಮುಂಚೆ ಇದು. ನಮ್ಮ ಭಾಷೆಯಲ್ಲಿ ಒಬ್ಬರಿಗೆ ಎಷ್ಟು ಬೆಲೆ ಕೊಡುತ್ತೇವೆ ಅನ್ನುವುದು ಕ್ರಿಯಾಪದದ ತುದಿಯಲ್ಲೇ ಗೊತ್ತಾಗಿಬಿಡುತ್ತದೆ. ಮೂವತ್ತೈದು ವರ್ಷದ ಬ್ಯಾಂಕ್ ಗುಮಾಸ್ತರಿಗೆ 'ಬನ್ನಿ' ಅನ್ನುವ ನಾವು, ಅದೇ ವಯಸ್ಸಿನ, ಡೌನ್ ಸಿಂಡ್ರೋಮ್ ಇರುವ ಅವರ ತಮ್ಮನಿಗೆ 'ಬಾರೋ ಇಲ್ಲಿ' ಅನ್ನುತ್ತೇವೆ. ಪ್ರೀತಿಯಿಂದಲೇ ಅನ್ನುತ್ತೇವೆ, ಅದರಲ್ಲಿ ಸುಳ್ಳಿಲ್ಲ. ಆದರೆ ಅವರಿಗೆ ಕೇಳುವುದು 'ನೀನು ಇನ್ನೂ ಮಗು' ಅಂತ. ಅದನ್ನು ಇಡೀ ಜೀವನ ಕೇಳುತ್ತಲೇ ಇರುತ್ತಾರೆ.

ನಮ್ಮ ಕೂಟದ ಮೊದಲ ನಿಯಮ ಇದು. ಹದಿನೆಂಟು ದಾಟಿದ ಎಲ್ಲರಿಗೂ ಬಹುವಚನ, ಇಲ್ಲವೇ ಅಣ್ಣ, ಅಕ್ಕ. ತಾಯಿ ತಂದೆ ಮನೆಯಲ್ಲಿ ಹೇಗೆ ಬೇಕಾದರೂ ಕರೆಯಲಿ, ಅದು ಅವರ ಹಕ್ಕು. 'ದೇವರ ಮಕ್ಕಳು' ಅನ್ನುವ ಮಾತನ್ನೂ ಇವರಿಗೆ ಮಾತ್ರ ಮೀಸಲಿಡಬೇಡಿ. ನಾವೆಲ್ಲರೂ ದೇವರ ಮಕ್ಕಳೇ ಅಲ್ವಾ? ಇವರಿಗಷ್ಟೇ ಅಂದರೆ 'ಪಾಪದವರು' ಅಂತ ಹೇಳಿದ ಹಾಗೇ ಆಯಿತು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಮೊದಲನೇ ಶನಿವಾರ ಸಂಡೇ ಸ್ಕೂಲಿನಲ್ಲಿ ಉಳಿದಿದ್ದ ಬಣ್ಣ ತುಂಬುವ ಹಾಳೆ ತಂದು ಎಲ್ಲರ ಮುಂದೆ ಇಟ್ಟೆ. ನೋಹನ ಹಡಗು, ಕಿಟಕಿಯಲ್ಲಿ ನಗುವ ಜಿರಾಫೆ. ಮೂವತ್ತೆಂಟು ವರ್ಷದ ಒಬ್ಬರು ಹಾಳೆಯನ್ನು ಎರಡು ಬೆರಳಿನಲ್ಲಿ ನನ್ನ ಕಡೆಗೆ ತಳ್ಳಿದರು. ಮತ್ತೆ ಇಟ್ಟೆ. ಮತ್ತೆ ತಳ್ಳಿದರು. ಆಮೇಲೆ ಎದ್ದು ಹೋಗಿ, ಹಿರಿಯರು ಲೆಕ್ಕ ಬರೆಯುತ್ತಿದ್ದ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಅವರಿಗೆ ಮಾತು ಬರುವುದಿಲ್ಲ. ಹೇಳಬೇಕಾದ್ದನ್ನು ಹೇಳಿಯೇ ಹೇಳಿದರು.

ಶುರು ಮಾಡುವ ಮೊದಲು ಮನೆಗೆ ಹೋಗಿ

ಬಹಳ ಕಡೆ ವಿಶೇಷ ಶಾಲೆ ಹದಿನೆಂಟಕ್ಕೆ ಮುಗಿದುಹೋಗುತ್ತದೆ. ಆಮೇಲೆ ಟಿವಿ, ಜಗಲಿ, ಮನೆ. ಹಾಗಾಗಿ ಸಭೆಯ ಪಟ್ಟಿ ನೋಡಿ ಇವರನ್ನು ಹುಡುಕಲು ಆಗುವುದಿಲ್ಲ, ಎಷ್ಟೋ ಮನೆಯವರು ಹೇಳುವುದೇ ಇಲ್ಲ. ಹೆಂಗಸರ ಕೂಟದಲ್ಲಿ ಕೇಳಿ, ಅವರಿಗೆ ಯಾರ ಮನೆಯಲ್ಲಿ ಯಾರಿದ್ದಾರೆ ಅಂತ ಗೊತ್ತಿರುತ್ತದೆ. ಹಳ್ಳಿಯಾದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿ.

ಹೋದಾಗ ತಾಯಿಯ ಜೊತೆ ಮಾತ್ರ ಮಾತಾಡಿ ಬರಬೇಡಿ. ಕರೆಯಲು ಹೋಗಿರುವುದು ಯಾರನ್ನೋ ಅವರ ಮುಂದೆಯೇ ಕೂತು, ಅವರಿಗೇ ಹೇಳಿ: "ಶನಿವಾರ ನಾಲ್ಕು ಗಂಟೆಗೆ ಚರ್ಚಿನಲ್ಲಿ ಹಾಡು, ಕಥೆ, ಟೀ ಇರುತ್ತದೆ. ನೀವು ಬರ್ತೀರಾ?" ಮೊಬೈಲಿನಲ್ಲಿ ಚರ್ಚಿನ ಗೇಟು, ಒಳಗಿನ ಹಾಲ್, ನಿಮ್ಮ ಮುಖ, ಇಷ್ಟರ ಫೋಟೋ ತೋರಿಸಿ. ಕೇಳಿದ ಮೇಲೆ ಸುಮ್ನೆ ಕಾಯಿರಿ. ಉತ್ತರ ಬರಲು ಹತ್ತು ಹದಿನೈದು ಸೆಕೆಂಡ್ ಬೇಕಾಗಬಹುದು. ಆ ಮೌನ ತಡೆಯಲಾಗದೆ ನಾವೇ ಉತ್ತರ ಹೇಳಿಬಿಡುತ್ತೇವೆ. ಬೇಡ ಅಂದರೆ ಬೇಡ, ಒತ್ತಾಯ ಮಾಡಬೇಡಿ. ಮುಂದಿನ ತಿಂಗಳು ಮತ್ತೆ ಹೋಗಿ.

ಮನೆಯವರ ಹತ್ತಿರ ಕೆಲವು ವಿಷಯ ಬರೆದುಕೊಳ್ಳಲೇಬೇಕು. ಫಿಟ್ಸ್ ಬರುತ್ತದಾ, ಯಾವ ಮಾತ್ರೆ, ನುಂಗಲು ತೊಂದರೆ ಇದೆಯಾ, ಟಾಯ್ಲೆಟ್‌ಗೆ ಹೋಗಬೇಕು ಅನ್ನುವುದನ್ನು ಹೇಗೆ ಹೇಳುತ್ತಾರೆ, ಯಾವುದಕ್ಕೆ ಹೆದರುತ್ತಾರೆ (ನಾಯಿ, ಪಟಾಕಿ, ಮಿಕ್ಸಿ ಸದ್ದು), ಸಿಟ್ಟು ಬಂದಾಗ ಏನು ಮಾಡಿದರೆ ಇಳಿಯುತ್ತದೆ. ನುಂಗುವುದರ ಬಗ್ಗೆ ಬಹಳ ಜನ ಯೋಚಿಸುವುದೇ ಇಲ್ಲ. ಪ್ರೀತಿಯಿಂದ ಕೊಟ್ಟ ಚಕ್ಕುಲಿ ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಬರುತ್ತದೆ. ಮೆತ್ತಗಿನ ಉಪ್ಪಿಟ್ಟು, ಸಣ್ಣ ತುಂಡು ಮಾಡಿದ ಬಾಳೆಹಣ್ಣು, ಉಗುರು ಬೆಚ್ಚಗಿನ ಟೀ ಸಾಕು, ನೇರವಾಗಿ ಕೂತು ತಿನ್ನಲಿ. ಆದರೂ ಯಾರಿಗೆ ಯಾವುದು ಆಗುವುದಿಲ್ಲ ಅಂತ ಮನೆಯವರನ್ನು ಕೇಳಿಯೇ ಕೊಡಿ.

ಆ ಒಂದು ಗಂಟೆ

ಹತ್ತು ಹನ್ನೆರಡು ಜನಕ್ಕಿಂತ ಜಾಸ್ತಿ ಬೇಡ. ಅವರಿಗೆ ನಾಲ್ಕೈದು ಜನ ಜೊತೆಗಾರರು, ಪ್ರತಿ ಸಲ ಅವರೇ ಇರಬೇಕು. ಮುಖ ಬದಲಾಗುತ್ತಿದ್ದರೆ ನಂಬಿಕೆ ಬೆಳೆಯುವುದಿಲ್ಲ. ನೆಲ ಮಹಡಿ, ಹತ್ತಿರದಲ್ಲೇ ಕಮೋಡ್ ಇರುವ ಟಾಯ್ಲೆಟ್, ಪಕ್ಕದಲ್ಲಿ ಯಾರೂ ಇಲ್ಲದ ಒಂದು ಸಣ್ಣ ಕೋಣೆ. ಸದ್ದು ಜಾಸ್ತಿಯಾಗಿ ಕಿವಿ ಮುಚ್ಚಿಕೊಂಡವರು ಅಲ್ಲಿ ಹೋಗಿ ಕೂತು, ಬೇಕಾದಾಗ ವಾಪಸ್ ಬರಬಹುದು. ಹನ್ನೆರಡು ಜನಕ್ಕೆ ಮೈಕ್ ಯಾಕೆ? ಡ್ರಮ್ಸೂ ಬೇಡ. ಆಟಿಸಂ ಇರುವವರಿಗೆ ನಮ್ಮ ಸ್ಪೀಕರ್ ಸದ್ದು ನೋವೇ ಕೊಡಬಹುದು.

ಪ್ರತಿ ಸಲ ಒಂದೇ ಕ್ರಮ. ನಾವು ಐದು ಫೋಟೋಗಳನ್ನು ಒಂದು ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಡುತ್ತೇವೆ: ಕೈ ಕುಲುಕುವುದು, ಹಾಡು, ಕಥೆ, ಪ್ರಾರ್ಥನೆ, ಟೀ. ಒಂದು ಮುಗಿದರೆ ಒಬ್ಬರು ಎದ್ದು ಆ ಫೋಟೋ ತೆಗೆಯುತ್ತಾರೆ. 'ಯಾವಾಗ ಟೀ, ಯಾವಾಗ ಮನೆ' ಅನ್ನುವ ಗಾಬರಿ ಅರ್ಧ ಕಡಿಮೆಯಾಗುವುದು ಇದರಿಂದಲೇ. ಹಾಡುಗಳೂ ನಾಲ್ಕೈದೇ, ತಿಂಗಳುಗಟ್ಟಲೆ ಅವೇ. ನಿಮಗೆ ಬೇಜಾರಾಗುವ ಹೊತ್ತಿಗೆ ಅವರಿಗೆ ಬಾಯಿಪಾಠ ಆಗಿರುತ್ತದೆ.

ಕಥೆಗೆ ಒಂದೇ ವಿಷಯ, ಕೈಯಲ್ಲಿ ಹಿಡಿಯುವ ಒಂದು ವಸ್ತು. ಕಳೆದ ಕುರಿಯ ಕಥೆಗೆ ಕುರುಬರ ಮನೆಯಿಂದ ನಿಜವಾದ ಕಂಬಳಿ ತಂದೆವು, ಅದರ ವಾಸನೆ ನೋಡಿಯೇ ಅರ್ಧ ಕಥೆ ಆಯಿತು. ಬಿರುಗಾಳಿಯ ಕಥೆಗೆ ಎಲ್ಲರೂ ಸೇರಿ ಹಾಸಿಗೆ ಬಟ್ಟೆಯ ಅಂಚು ಹಿಡಿದು ಅಲ್ಲಾಡಿಸಿದರೆ ಸಾಕು. 'ಕೃಪೆ', 'ವಿಮೋಚನೆ', 'ನೀತಿಕರಿಸು' ಇಂಥ ಮಾತುಗಳನ್ನು ಬದಿಗಿಟ್ಟು, 'ಯೇಸು ನಿಮ್ಮ ಜೊತೆ ಇದ್ದಾರೆ' ಅನ್ನಿ. 'ಯೇಸು ನಿನ್ನ ಹೃದಯದ ಬಾಗಿಲು ತಟ್ಟುತ್ತಾನೆ' ಅಂದರೆ ಕೆಲವರು ನಿಜವಾಗಲೂ ಎದೆ ಮುಟ್ಟಿ ಬಾಗಿಲು ಹುಡುಕುತ್ತಾರೆ, ಹೆದರುತ್ತಾರೆ ಕೂಡ.

ಶುಭ ಶುಕ್ರವಾರದ ಹಿಂದಿನ ಶನಿವಾರ ಯೋಹಾನ 13ರ ಕಥೆ ಮಾಡುತ್ತೇವೆ, ಯೇಸು ಶಿಷ್ಯರ ಕಾಲು ತೊಳೆದದ್ದು. ಹಿತ್ತಾಳೆ ಬೋಗುಣಿ, ಬೆಚ್ಚಗಿನ ನೀರು, ಎರಡು ಟವೆಲ್. ಮೊದಲ ವರ್ಷ ನಾವು ಅವರ ಕಾಲು ತೊಳೆದೆವು, ಅಷ್ಟಕ್ಕೇ ಮುಗಿಸುವ ಯೋಚನೆಯಿತ್ತು. ಮುಗಿದ ಮೇಲೆ, ಬಣ್ಣದ ಹಾಳೆ ತಳ್ಳಿದ್ದರಲ್ಲ, ಆ ಅಣ್ಣನೇ ಬೋಗುಣಿ ಎಳೆದುಕೊಂಡು ಕೆಳಗೆ ಕೂತು ನನ್ನ ಚಪ್ಪಲಿ ಬಿಚ್ಚಿದರು. ನೀರು ಹಾಕಿದರು. ಆಮೇಲೆ ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಒಂದೊಂದೇ ಬೆರಳಿನ ಸಂದಿ ಒರೆಸಿದರು. ಎಂಟೂ ಸಂದಿ. ಕಾಲು ಒದ್ದೆ ಇದ್ದರೆ ಹುಣ್ಣಾಗುತ್ತದೆ ಅಂತ ಅವರ ತಾಯಿ ಕಲಿಸಿದ್ದಂತೆ. ಈಗ ಪ್ರತಿ ವರ್ಷ ಕಾಲು ತೊಳೆಯುವವರು ಅವರೇ, ಪಾಸ್ಟರ್ ಕಾಲನ್ನೂ.

ಭಾನುವಾರ ಕೆಲಸ ಕೊಡಿ

ಶನಿವಾರದ ಕೂಟ ಇರುವುದೇ ಭಾನುವಾರಕ್ಕೆ ದಾರಿ ಆಗಲಿ ಅಂತ. 'ಅವರಿಗೆ ಅವರದ್ದೇ ಕೂಟ ಇದೆಯಲ್ಲ' ಅಂತ ಸಭೆ ನಿಶ್ಚಿಂತೆಯಿಂದ ಕೂತರೆ ನಾವು ಸೋತ ಹಾಗೆ. ದೇಹದಲ್ಲಿ ಬಲಹೀನ ಅಂತ ಕಾಣುವ ಅಂಗಗಳೇ ಬೇಕೇ ಬೇಕು ಅಂತ ಪೌಲ ಬರೆದದ್ದು ಕೊರಿಂಥದ ಸಭೆಗೆ, ವಿಶೇಷ ಶಾಲೆಗಲ್ಲ. ನಮ್ಮಲ್ಲಿ ಒಬ್ಬರು ಗಂಟೆ ಹೊಡೆಯುತ್ತಾರೆ. ಒಬ್ಬ ಅಕ್ಕ ಹಾಡಿನ ಪುಸ್ತಕ ಹಂಚುತ್ತಾರೆ, ಅವರಿಗೆ ಓದಲು ಬರುವುದಿಲ್ಲ, ಯಾರ ಕೈಗೆ ಪುಸ್ತಕ ಸಿಕ್ಕಿಲ್ಲ ಅನ್ನುವುದು ಮಾತ್ರ ಒಂದು ಸಲವೂ ತಪ್ಪಿಲ್ಲ. ಇಬ್ಬರು ಕಾಣಿಕೆ ತಟ್ಟೆ ಹಿಡಿಯುತ್ತಾರೆ. ತೋರಿಕೆಗೆ ಕೊಟ್ಟ ಕೆಲಸ ಬೇಡ. ಅವರು ಬರದಿದ್ದರೆ ಸಭೆಗೆ ತೊಂದರೆ ಆಗಬೇಕು, ಅಂಥ ಕೆಲಸ ಇರಲಿ.

ಕರ್ತನ ಭೋಜನದ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು) ಪ್ರಶ್ನೆ ಬಂದೇ ಬರುತ್ತದೆ. 'ಅರ್ಥ ಆಗದವರಿಗೆ ಕೊಡಬಹುದಾ?' ಅಂತ. ಇದು ನಿಮ್ಮ ಪಾಸ್ಟರ್ ಅಥವಾ ಫಾದರ್ ಜೊತೆ ಕೂತು ಮಾತಾಡಬೇಕಾದ ವಿಷಯ. ಕಥೋಲಿಕ ಸಭೆಯಲ್ಲಿ 1910ರಲ್ಲೇ ಪೋಪ್ ಹತ್ತನೇ ಪಯಸ್ ಅವರು ಮಕ್ಕಳ ಬಗ್ಗೆ ಆಜ್ಞೆ ಕೊಡುವಾಗ, ಈ ರೊಟ್ಟಿ ಬೇರೆ, ಮನೆಯ ರೊಟ್ಟಿ ಬೇರೆ ಅನ್ನುವಷ್ಟು ತಿಳಿದರೆ ಸಾಕು ಅಂದಿದ್ದರು. 1995ರಲ್ಲಿ ಅಮೆರಿಕದ ಬಿಷಪ್‌ಗಳು ವಿಕಲಚೇತನರ ಬಗ್ಗೆ ಬರೆಯುವಾಗ, ಆ ತಿಳಿವಳಿಕೆಯನ್ನು ಮಾತಿನಲ್ಲೇ ಹೇಳಬೇಕಿಲ್ಲ, ಸನ್ನೆಯಲ್ಲಿ, ಭಕ್ತಿಯ ಮೌನದಲ್ಲಿ ತೋರಿಸಿದರೂ ಆಯಿತು ಅಂದರು. ನಾನು ಕಥೋಲಿಕಳಲ್ಲ. ಆದರೂ ಪಾಸ್ಟರ್ ಹತ್ತಿರ ಮಾತಾಡುವಾಗ ಇದನ್ನು ಮುಂದಿಟ್ಟೆ. ಉಪದೇಶದ ಅರ್ಥ ಹೇಳಿ ಅಂದರೆ ನಮ್ಮಲ್ಲೂ ಎಷ್ಟು ಜನ ಪಾಸಾಗುತ್ತೇವೆ? ತಯಾರಿಗೆ ಆರು ವಾರ ತೆಗೆದುಕೊಳ್ಳಿ. ಖಾಲಿ ಚರ್ಚಿನಲ್ಲಿ ನಡೆದು ಹೋಗುವುದು, ಮೊಣಕಾಲೂರುವುದು, ಕೈ ಚಾಚುವುದು, ರೊಟ್ಟಿಯ ರುಚಿ, ದ್ರಾಕ್ಷಾರಸದ ವಾಸನೆ, ಇವನ್ನು ಅಭ್ಯಾಸ ಮಾಡಿಸಿ. ಬಹಳ ಜನ ಉಗುಳುವುದು ಭಕ್ತಿ ಇಲ್ಲದೆ ಅಲ್ಲ, ಹೊಸ ರುಚಿಗೆ.

ಗುಣ ಮಾಡಿಸಲು ಹೊರಡಬೇಡಿ

ಇದನ್ನು ನೇರವಾಗಿಯೇ ಹೇಳುತ್ತೇನೆ. ಇವರನ್ನು ವೇದಿಕೆ ಮೇಲೆ ನಿಲ್ಲಿಸಿ, ತಲೆ ಮೇಲೆ ಕೈ ಇಟ್ಟು, ಕಿರುಚಿ ಪ್ರಾರ್ಥಿಸುವುದನ್ನು ನಿಲ್ಲಿಸಿ. ಎಷ್ಟೋ ತಾಯಂದಿರು ಇಪ್ಪತ್ತು ಮೂವತ್ತು ವರ್ಷ ಅಂಥ ಕೂಟಗಳಿಗೆ ಅಲೆದು, ಕೊನೆಗೆ 'ನಿನ್ನ ವಿಶ್ವಾಸ ಸಾಲದು' ಅಂತ ಅನ್ನಿಸಿಕೊಂಡು ಮನೆಗೆ ಬಂದಿದ್ದಾರೆ. ಮಾರ್ಕ 9ರಲ್ಲಿ ಯೇಸು ದೆವ್ವ ಬಿಡಿಸಿದ ಹುಡುಗನ ಕಥೆ ಹಿಡಿದುಕೊಂಡು ಫಿಟ್ಸ್ ಬಂದವರನ್ನೆಲ್ಲ ದೆವ್ವ ಹಿಡಿದವರು ಅನ್ನಬೇಡಿ. ಮಾತ್ರೆ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಅಲ್ಲೇ ತಡೆಯಿರಿ, ಫಿಟ್ಸ್ ಮಾತ್ರೆ ಏಕಾಏಕಿ ಬಿಟ್ಟರೆ ಜೀವವೇ ಹೋಗಬಹುದು.

ಫಿಟ್ಸ್ ಬಂದಾಗ ಏನು ಮಾಡಬೇಕು ಅಂತ ಎಲ್ಲ ಜೊತೆಗಾರರಿಗೂ ಗೊತ್ತಿರಲಿ. ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ಇಡುವುದು, ನೀರು ಹಾಕುವುದು, ಯಾವುದೂ ಬೇಡ. ಬಿಗಿಯಾಗಿ ಹಿಡಿದು ಅದುಮಬೇಡಿ. ಸುತ್ತಲಿನ ಕುರ್ಚಿ ಸರಿಸಿ, ತಲೆ ಕೆಳಗೆ ಮೆತ್ತಗಿನ ಬಟ್ಟೆ ಇಡಿ, ಗಡಿಯಾರ ನೋಡಿ, ಅದುರುವುದು ನಿಂತ ತಕ್ಷಣ ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ. ಐದು ನಿಮಿಷ ದಾಟಿದರೆ, ಒಂದರ ಹಿಂದೆ ಇನ್ನೊಂದು ಬಂದರೆ, ಅಥವಾ ಜೀವನದಲ್ಲಿ ಮೊದಲ ಸಲ ಬಂದಿದ್ದರೆ 108ಕ್ಕೆ ಫೋನ್ ಮಾಡಿ.

ಇನ್ನೊಂದು. ಶಾಂತವಾಗಿದ್ದವರು ಇದ್ದಕ್ಕಿದ್ದಂತೆ ಹೊಡೆಯಲು, ಕಿರುಚಲು ಶುರು ಮಾಡಿದರೆ 'ಹಠ' ಅನ್ನಬೇಡಿ. ಹಲ್ಲುನೋವೋ, ಮಲಬದ್ಧತೆಯೋ, ಕಿವಿನೋವೋ ಇರಬಹುದು, ಹೇಳಲು ಮಾತಿಲ್ಲ ಅಷ್ಟೇ. ಡೌನ್ ಸಿಂಡ್ರೋಮ್ ಇರುವವರಿಗೆ ಥೈರಾಯ್ಡ್ ತೊಂದರೆ ಸಾಮಾನ್ಯ. ನಲವತ್ತು ಐವತ್ತರ ಹೊತ್ತಿಗೇ ಮರೆವಿನ ಕಾಯಿಲೆ ಕೂಡ ಬರಬಹುದು. ಮೊದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲು ಮನೆಯವರಿಗೆ ಹೇಳಿ.

ಯಾರ ಮೇಲೂ ಕುರುಡು ನಂಬಿಕೆ ಬೇಡ

1964ರಲ್ಲಿ ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಜಾನ್ ವಾನಿಯೆ ಅನ್ನುವವರು ಬೌದ್ಧಿಕ ಅಂಗವೈಕಲ್ಯ ಇದ್ದವರ ಜೊತೆ ಒಂದೇ ಮನೆಯಲ್ಲಿ ಬಾಳಲು ಶುರು ಮಾಡಿದರು. ಅದೇ ಲಾರ್ಶ್ ಸಮುದಾಯ ಆಯಿತು. ನಮ್ಮ ಬೆಂಗಳೂರಿನಲ್ಲಿ 1970ರಲ್ಲಿ ಆಶಾ ನಿಕೇತನ ಬಂದದ್ದೂ ಹಾಗೇ. ಜೊತೆಗೆ ಉಣ್ಣುವುದು, ಜೊತೆಗೆ ಕೆಲಸ ಮಾಡುವುದು ಅನ್ನುವ ಆ ದಾರಿಯಿಂದ ನಾವೆಲ್ಲ ಕಲಿತಿದ್ದೇವೆ. ಆದರೆ ವಾನಿಯೆ 2019ರಲ್ಲಿ ತೀರಿಕೊಂಡ ಮೇಲೆ, ಅವರು ವರ್ಷಗಟ್ಟಲೆ ಮಹಿಳೆಯರನ್ನು ದುರುಪಯೋಗ ಮಾಡಿಕೊಂಡಿದ್ದರು ಅಂತ ಲಾರ್ಶ್ ಸಂಸ್ಥೆಯೇ ತನಿಖೆ ಮಾಡಿಸಿ 2020ರಲ್ಲಿ ಪ್ರಕಟಿಸಿತು. 2023ರ ವರದಿಯಲ್ಲಿ ಅಂಥ ಮಹಿಳೆಯರ ಸಂಖ್ಯೆ ಕನಿಷ್ಠ 25. ಆ ಮಹಿಳೆಯರು ಬೌದ್ಧಿಕ ಅಂಗವೈಕಲ್ಯ ಇದ್ದವರಲ್ಲ. ಸಂತರ ಹಾಗೆ ಕಂಡವರ ವಿಷಯವೇ ಹೀಗಿರುವಾಗ ನಮ್ಮ ಕೂಟದಲ್ಲಿ 'ಅವರು ಒಳ್ಳೆಯವರು' ಅನ್ನುವುದು ರಕ್ಷಣೆ ಅಲ್ಲ.

ಹಾಗಾಗಿ ಯಾವ ಜೊತೆಗಾರರೂ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರಬಾರದು. ಕಾರಿನಲ್ಲಿ ಕರೆದೊಯ್ಯುವಾಗಲೂ ಇಬ್ಬರು ಇರಲಿ. ಟಾಯ್ಲೆಟ್ ಸಹಾಯ ಬೇಕಾದರೆ ಹೆಂಗಸರಿಗೆ ಹೆಂಗಸರು, ಗಂಡಸರಿಗೆ ಗಂಡಸರು, ಹೊರಗೆ ಇನ್ನೊಬ್ಬರು. ಅಪ್ಪಿಕೊಳ್ಳುವ ಮೊದಲು ಕೇಳಿ, 'ಬೇಡ' ಅನ್ನುವುದನ್ನು ಅವರಿಗೂ ಕಲಿಸಿ. ಕಾಣಿಕೆ ಎತ್ತಲು, ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಅವರ ಫೋಟೋ ಹಾಕಬೇಡಿ.

ಸಾವನ್ನು ಮುಚ್ಚಿಡಬೇಡಿ

ನಮ್ಮ ಕೂಟದ ಒಬ್ಬರ ತಾಯಿ ತೀರಿಕೊಂಡಾಗ ಮನೆಯವರು 'ಅಮ್ಮ ಊರಿಗೆ ಹೋಗಿದ್ದಾಳೆ' ಅಂದುಬಿಟ್ಟರು. ಮಣ್ಣಿಗೂ ಕರೆದೊಯ್ಯಲಿಲ್ಲ. ಆಮೇಲೆ ಪ್ರತಿ ಶನಿವಾರ ಅವರು ಅಮ್ಮನ ಕೈಚೀಲ ಹಿಡಿದುಕೊಂಡು ಬರುವರು, ಒಳಗೆ ಬರದೆ ಗೇಟಿನಲ್ಲೇ ನಿಂತು ಒಂದೊಂದು ಆಟೋ ನಿಂತಾಗಲೂ ಬಗ್ಗಿ ನೋಡುವರು. ಮೂರು ತಿಂಗಳು. ಕೊನೆಗೆ ಅವರ ಅಕ್ಕನನ್ನು ಒಪ್ಪಿಸಿ ನಾವೇ ಹೇಳಿದೆವು. "ಅಮ್ಮ ಸತ್ತುಹೋದರು. ಅವರ ದೇಹ ಈಗ ಕೆಲಸ ಮಾಡುವುದಿಲ್ಲ. ವಾಪಸ್ ಬರುವುದಿಲ್ಲ." ಇಷ್ಟೇ ಮಾತು, ಇದೇ ಮಾತು, ಹಲವು ಸಲ. ಆಮೇಲೆ ಸಮಾಧಿ ಹತ್ತಿರ ಹೋದೆವು. "ಅಮ್ಮ ಇಲ್ಲಿ?" ಅಂದರು. ಹೌದು ಅಂದೆವು. ಕಲ್ಲಿನ ಮೇಲಿದ್ದ ಒಣ ಎಲೆಗಳನ್ನು ಒಂದೊಂದಾಗಿ ಆರಿಸಿ ಅಮ್ಮನ ಚೀಲಕ್ಕೆ ಹಾಕಿಕೊಂಡರು. ಮುಂದಿನ ಶನಿವಾರ ನೇರ ಒಳಗೆ ಬಂದು ಕೂತರು.

'ಕರ್ತನಲ್ಲಿ ನಿದ್ರಿಸಿದರು' ಅನ್ನುವುದು ನಮಗೆ ಸಮಾಧಾನದ ಮಾತು. ಇವರಿಗೆ ಹಾಗೆ ಹೇಳಿದರೆ ರಾತ್ರಿ ಮಲಗಲು ಹೆದರುತ್ತಾರೆ. ಸತ್ತರು ಅಂತಲೇ ಹೇಳಿ, ಶವಪೆಟ್ಟಿಗೆ ನೋಡಲಿ, ಹಿಡಿ ಮಣ್ಣು ಹಾಕಲಿ. ಪುನರುತ್ಥಾನದ ಮಾತು ಅದರ ನಂತರ.

ತಾಯಿ ತಂದೆಯರ ಎದೆಯಲ್ಲಿ ಇರುವುದೂ ಇದೇ ಪ್ರಶ್ನೆ: ನಾವು ಹೋದ ಮೇಲೆ ಯಾರು? ಪ್ರಾರ್ಥನೆ ಮಾಡಿ, ಜೊತೆಗೆ ಕಾಗದವನ್ನೂ ಮಾಡಿಸಿ. ಹದಿನೆಂಟಾದ ಮೇಲೆ ತಾಯಿ ತಂದೆ ತಾನಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬೇಕು, ಆ ಸಮಿತಿಯಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ. ಅದೇ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ ಚಿಕಿತ್ಸೆಗೆ ಸಿಗುತ್ತದೆ. ಯುಡಿಐಡಿ ಕಾರ್ಡ್ (ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಚೀಟಿ) ಇಲ್ಲದಿದ್ದರೆ ಮೊದಲು ಅದು. ಮಾಸಾಶನದ ಅರ್ಜಿಗೆ ನಾಡಕಚೇರಿ. ಸಭೆಯಲ್ಲಿ ಕಚೇರಿ ಕೆಲಸ ಗೊತ್ತಿರುವ ನಿವೃತ್ತರು ಒಬ್ಬರಾದರೂ ಇರುತ್ತಾರೆ, ಅವರನ್ನು ಜೊತೆಗೆ ಕಳಿಸಿ. ಎಪ್ಪತ್ತು ವರ್ಷದ ತಾಯಿ ಒಬ್ಬರೇ ಕ್ಯೂನಲ್ಲಿ ನಿಲ್ಲಬಾರದು.

ಮೊದಲ ಶನಿವಾರ ಮೂರೇ ಜನ ಬರಬಹುದು, ಒಬ್ಬರು ಬಾಗಿಲಿಂದಲೇ ವಾಪಸ್ ಹೋಗಬಹುದು. ನಡೆಸಿ. ಆಟೋ ಖರ್ಚಿಗೆ ಸಭೆಯಿಂದ ಹಣ ತೆಗೆದಿಡಿ, ಬಹಳ ಜನ ಬರದೇ ಇರುವುದು ಅದೊಂದಕ್ಕೇ. ಸಂಜೆ ಎಲ್ಲರೂ ಮನೆ ಸೇರಿದರಾ ಅಂತ ಫೋನ್ ಮಾಡಿ. ತಾಯಿಯ ಹತ್ತಿರ ವಿಚಾರಿಸಿ ಇಟ್ಟುಬಿಡಬೇಡಿ, "ಅಣ್ಣನಿಗೆ ಕೊಡಿ" ಅನ್ನಿ.